ಹೋದ ವರ್ಷದ ಹೊಸ ಗಾಡಿ

ಈ ಭಾಷಣದ ಹೆಸರನ್ನು ಕೇಳಿ ನೀವು ನಗಬಹುದು. ಹೋದ ವರ್ಷದ್ದು ಎಂದ ಮೇಲೆ ಅದು ಹೊಸದು ಹೇಗಾದೀತು? ಹೊಸದು ಎಂದ ಮೇಲೆ ಹೋದ ವರ್ಷದ್ದು ಹೇಗಾದೀತು? ಇಂಥ ಮಾತಿಗೆ ನಮ್ಮ ಅಲಂಕಾರಶಾಸ್ತ್ರದಲ್ಲಿ ವಿರೋಧಾಭಾಸವೆಂದು ಹೆಸರು. ಮೇಲುನೋಟಕ್ಕೆ ವಿರೋಧ ಕಾಣುತ್ತದೆ. ಒಳಹೊಕ್ಕು ನೋಡಿದರೆ ಅರ್ಥ ಸರಿಯಾಗಿಯೇ ಇರುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ನನಗೆ ಈ ಅಲಂಕಾರಕ್ಕೆ ಕಾವ್ಯಗಳಿಂದ ಮಾತ್ರ ಉದಾಹರಣೆ ಕೊಡುವುದು ಗೊತ್ತಿತ್ತು. ಮೋಟಾರ್ ಸೈಕಲ್ಲಿನ ಅಂಗಡಿಯಿಂದಲೂ ಕೊಡಬಹುದೆಂದು ತೋರಿಸಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ.

ಅವನು ನಮ್ಮೂರ ಬಸ್‌ಸ್ಟ್ಯಾಂಡಿನ ಹಿಂದೆ ಮೋಟಾರ್ ಸೈಕಲ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದಾನೆ. 2019ರ ಅಕ್ಟೋಬರಿನಲ್ಲಿ ಒಂದು ಸಂಜೆ ಕೈಯಲ್ಲಿ ನಾಲ್ಕಾರು ಕಾಗದ ಹಿಡಿದು ಮನೆಗೆ ಬಂದ. “ಸಾರ್, ಇದನ್ನು ಸ್ವಲ್ಪ ನೋಡಬೇಕು” ಎಂದ. ಎಲ್ಲವೂ ಇಂಗ್ಲಿಷು. “ಏನಪ್ಪಾ, ಇಂಗ್ಲಿಷು ಓದಿಸುವುದಕ್ಕೆ ಕನ್ನಡ ಮೇಷ್ಟ್ರ ಹತ್ತಿರ ಬಂದೆಯಲ್ಲ?” ಎಂದೆ. “ಇಂಗ್ಲಿಷು ಓದೋಕೆ ನನ್ನ ಮಗಳಿದ್ದಾಳೆ ಸಾರ್. ನಿಮ್ಮಿಂದ ಒಂದು ಮಾತು ಹೇಳಿಸಿಕೊಂಡು ಹೋಗೋಣ ಅಂತ ಬಂದೆ” ಎಂದ.

ವಿಷಯ ಇಷ್ಟೆ. ಅವನ ತಮ್ಮ ಅಮೆರಿಕದಲ್ಲಿದ್ದಾನೆ. ಅಲ್ಲಿಯ ಅಂಗಡಿಯೊಂದರಲ್ಲಿ 2018ರ ಮಾದರಿಯ ಒಂದು ದೊಡ್ಡ ಮೋಟಾರ್ ಸೈಕಲ್ಲು ಮಾರಾಟವಾಗದೆ ನಿಂತಿತ್ತು. ಯಾರೂ ಅದನ್ನು ಹತ್ತಿರಲಿಲ್ಲ. ಯಾರ ಹೆಸರಿಗೂ ನೋಂದಣಿಯಾಗಿರಲಿಲ್ಲ. ಹೊಸ ಮಾದರಿ ಬಂದು ಪಕ್ಕದಲ್ಲಿ ನಿಂತಿದ್ದರಿಂದ ನಮ್ಮ ಲೆಕ್ಕದಲ್ಲಿ 5 ಲಕ್ಷ ರೂಪಾಯಿ ಬೆಲೆಯ ಗಾಡಿಯನ್ನು ಮೂರೂಮುಕ್ಕಾಲು ಲಕ್ಷಕ್ಕೆ ಕೊಡುವುದಾಗಿ ವ್ಯಾಪಾರಿ ಹೇಳಿದ್ದ. ಅದನ್ನು ಹಡಗಿನಲ್ಲಿ ತರಿಸುವುದೆಂದು ಅಣ್ಣತಮ್ಮಂದಿರ ಯೋಚನೆ. ಇವನ ಕೈಯಲ್ಲಿ ನಾಲ್ಕು ಲಕ್ಷವಿತ್ತು. ಬಾಡಿಗೆಗೆ ಹಿಡಿದಿದ್ದ ಅಂಗಡಿಯ ಜಾಗವನ್ನೇ ಕೊಳ್ಳಬೇಕೆಂದು ಒಂಬತ್ತು ವರ್ಷ ಕೂಡಿಟ್ಟ ದುಡ್ಡು ಅದು. ಸಾಲದೆ ಬಂದರೆ ಹೆಂಡತಿಯ ಬಳೆ ಅಡವಿಡುವುದಾಗಿಯೂ ಹೇಳಿದ. “ಅಷ್ಟು ಅಗ್ಗಕ್ಕೆ ಮತ್ತೆ ಸಿಗಲ್ಲ ಸಾರ್” ಎಂಬುದೊಂದೇ ಅವನ ವಾದ.

ಗುರು ಎನ್ನಿಸಿಕೊಂಡವನಿಗೆ ‘ನನಗೆ ತಿಳಿಯದು’ ಎಂದು ಬಾಯಿಬಿಟ್ಟು ಹೇಳುವುದು ಕಷ್ಟ. ಒಂದು ವಾರ ಸಮಯ ಕೇಳಿದೆ. ಆ ವಾರದಲ್ಲಿ ಓದಿದ್ದು, ಕೇಳಿದ್ದು, ಲೆಕ್ಕ ಹಾಕಿದ್ದು, ಆಮೇಲೆ ತಿಳಿದುಕೊಂಡದ್ದು ಎಲ್ಲವನ್ನೂ ಸೇರಿಸಿ ಈ ಹೊತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು, ಹೊಸ ವಸ್ತು ಹಳೆಯದಾಗುವ ಬಗೆ ಯಾವುದು ಎಂಬುದನ್ನು ನೋಡೋಣ. ನಮ್ಮ ಮನೆಗಳಲ್ಲಿ ಮೂರು ಬಗೆಯ ಸಾಮಾನಿರುತ್ತದೆ. ಪಂಚಾಂಗವಿದೆ, ಯುಗಾದಿಯ ಮಾರನೆಯ ದಿನ ಹೋದ ವರ್ಷದ ಪಂಚಾಂಗವನ್ನು ಬಿಟ್ಟಿ ಕೊಟ್ಟರೂ ಯಾರಿಗೂ ಬೇಡ. ಅಕ್ಕಿ ಇದೆ; ಅನ್ನ ಉದುರುದುರಾಗಬೇಕೆಂದು ಹಳೆಯ ಅಕ್ಕಿಯನ್ನೇ ಹೆಚ್ಚು ಬೆಲೆ ಕೊಟ್ಟು ತರುತ್ತೇವೆ. ಮೂರನೆಯದು ಕೊಡೆ, ಪಾತ್ರೆಗಳಂಥವು. ಅವು ಯಾವ ವರ್ಷದವೆಂದು ಯಾರೂ ಕೇಳುವುದಿಲ್ಲ. ಮೋಟಾರ್ ಸೈಕಲ್ಲು ನ್ಯಾಯವಾಗಿ ಈ ಮೂರನೆಯ ಗುಂಪಿಗೆ ಸೇರಿದ್ದು. ಅದನ್ನು ಪಂಚಾಂಗದ ಗುಂಪಿಗೆ ಸೇರಿಸಿದವರು ತಯಾರಕರು. ವರ್ಷಕ್ಕೊಂದು ಮಾದರಿ, ಮಾದರಿಗೊಂದು ವರ್ಷ ಎಂದು ಅವರು ಗೊತ್ತುಮಾಡಿದರು. ಬಣ್ಣ ಬದಲಾಗುತ್ತದೆ, ದೀಪದ ಆಕಾರ ಬದಲಾಗುತ್ತದೆ. ಒಂದೊಂದು ವರ್ಷ ಅಷ್ಟೂ ಬದಲಾಗುವುದಿಲ್ಲ. ಆದರೂ ಹೊಸದು ಬಂದ ದಿನ ಹಿಂದಿನದು ಹಳತಾಗುತ್ತದೆ.

ಇದು ಯಾವ ಮಟ್ಟಕ್ಕೆ ಹೋಗಬಹುದು ಎಂಬುದಕ್ಕೆ ಜಪಾನಿನ ಎರಡು ಸಂಸ್ಥೆಗಳ ಕಥೆ ದೊಡ್ಡ ಸಾಕ್ಷಿ. ಒಂದು ಹೋಂಡಾ, ಇನ್ನೊಂದು ಯಮಹಾ. ಎರಡೂ ಹಮಾಮಾತ್ಸು ಎಂಬ ಊರಿನ ಸೀಮೆಯಲ್ಲಿ ಹುಟ್ಟಿದವು. ಯಮಹಾ ಎಂಬ ಹೆಸರಿನ ಮೂಲ ಕೇಳಿದರೆ ಶಾಲಾ ಮೇಷ್ಟ್ರುಗಳಾದ ನಮಗೆ ಸಂತೋಷವಾದೀತು. 1887ರಲ್ಲಿ ಆ ಊರಿನ ಪ್ರಾಥಮಿಕ ಶಾಲೆಯ ಆರ್ಗನ್ ವಾದ್ಯ ಕೆಟ್ಟುಹೋಗಿ, ಅದನ್ನು ರಿಪೇರಿ ಮಾಡಲು ತೊರಾಕುಸು ಯಮಹಾ ಎಂಬಾತ ಬಂದ. ರಿಪೇರಿ ಮಾಡಿದವನು ತಾನೇ ವಾದ್ಯ ತಯಾರಿಸಲು ತೊಡಗಿದ. ಆ ವಾದ್ಯದ ಸಂಸ್ಥೆಯಿಂದ 1955ರಲ್ಲಿ ಮೋಟಾರ್ ಸೈಕಲ್ಲಿನ ಶಾಖೆ ಕವಲೊಡೆಯಿತು. ಯಮಹಾ ಗಾಡಿಯ ಮೇಲಿನ ಮುದ್ರೆಯನ್ನು ಗಮನಿಸಿ: ಶ್ರುತಿ ನೋಡುವ ಮೂರು ಕವೆಗಳು ಈಗಲೂ ಅಲ್ಲಿವೆ. ಹೋಂಡಾ ಸಂಸ್ಥೆ 1948ರಲ್ಲಿ ಸ್ಥಾಪನೆಯಾದದ್ದು. ಮೋಟಾರ್ ಸೈಕಲ್ ತಯಾರಿಕೆಯಲ್ಲಿ ಅದೇ ಲೋಕಕ್ಕೆಲ್ಲ ಮೊದಲನೆಯದಾಯಿತು.

1981ರಲ್ಲಿ ಯಮಹಾ ದೊಡ್ಡದೊಂದು ಹೊಸ ಕಾರ್ಖಾನೆಗೆ ಕೈಹಾಕಿ, ಇನ್ನು ಮೊದಲನೆಯ ಸ್ಥಾನ ತನ್ನದೆಂದು ಸಾರಿತು. ಹೋಂಡಾ ಆಗ ಕಾರಿನ ತಯಾರಿಕೆಯಲ್ಲಿ ಮುಳುಗಿತ್ತು; ಈ ಮಾತನ್ನು ಕೇಳಿ ಕೆರಳಿ ತಿರುಗಿ ನಿಂತಿತು. ಸುಮಾರು ಹದಿನೆಂಟು ತಿಂಗಳಲ್ಲಿ ಹೋಂಡಾ 113 ಸಲ ಮಾದರಿಗಳನ್ನು ಹೊಸದಾಗಿ ತಂದಿತು, ಬದಲಿಸಿತು. ಯಮಹಾದವರಿಗೆ ಸಾಧ್ಯವಾದದ್ದು 37 ಸಲ. ಬೆಲೆಯನ್ನೂ ಇಳಿಸಿದರು, ಕೆಲವು ಗಾಡಿಗಳು ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ಇಳಿದವು. ಯಮಹಾದ ಅಂಗಡಿಗಳಲ್ಲಿ ಒಂದು ವರ್ಷದ ಮಾರಾಟಕ್ಕೆ ಸಾಲುವಷ್ಟು ಗಾಡಿ ಕೂತುಬಿಟ್ಟಿತು. ಅವುಗಳಿಗೆ ತುಕ್ಕು ಹಿಡಿದಿರಲಿಲ್ಲ, ಎಂಜಿನ್ನಿನಲ್ಲಿ ದೋಷವಿರಲಿಲ್ಲ. ಪಕ್ಕದ ಅಂಗಡಿಗೆ ವಾರವಾರವೂ ಹೊಸದು ಬರುತ್ತಿದ್ದುದರಿಂದ ಇವು ನಿಂತಲ್ಲೇ ಮುದಿಯಾದವು. 1983ರ ಜನವರಿಯಲ್ಲಿ ಯಮಹಾದ ಅಧ್ಯಕ್ಷರು ಬಹಿರಂಗವಾಗಿ ಸೋಲೊಪ್ಪಿಕೊಂಡರು. ಅದೇ ವರ್ಷ ಅವರ ಸ್ಥಾನಕ್ಕೆ ಬೇರೊಬ್ಬರು ಬಂದರು.

ಇಬ್ಬರು ಜಗಳವಾಡಿದರೆ ಮೂರನೆಯವನ ಮನೆಯ ಅಂಗಳ ಹಾಳಾಗುವುದುಂಟು. ಇಲ್ಲಿ ಆ ಅಂಗಳ ಅಮೆರಿಕದ್ದಾಯಿತು. ಜಪಾನಿನ ತಯಾರಕರಿಗೆ ಅದೇ ದೊಡ್ಡ ಪೇಟೆ. ಆ ವರ್ಷಗಳಲ್ಲಿ ಅಲ್ಲಿ ವ್ಯಾಪಾರ ಕುಗ್ಗಿತ್ತು, ಕೊಳ್ಳುವವರು ಕಡಿಮೆಯಾಗಿದ್ದರು. ಹಡಗುಗಳು ಮಾತ್ರ ಬರುತ್ತಲೇ ಇದ್ದವು. ಮರದ ಚೌಕಟ್ಟಿನಲ್ಲಿ ಕಟ್ಟಿದ ಮೋಟಾರ್ ಸೈಕಲ್ಲುಗಳು ಗೋದಾಮುಗಳಲ್ಲಿ ರಾಶಿರಾಶಿಯಾಗಿ ಸೇರಿದವು. 1903ರಿಂದ ಮಿಲ್ವಾಕಿ ಎಂಬ ಊರಿನಲ್ಲಿ ದೊಡ್ಡ ಗಾಡಿಗಳನ್ನು ತಯಾರಿಸುತ್ತ ಬಂದಿದ್ದ ಹಾರ್ಲೆ ಡೇವಿಡ್‌ಸನ್ ಕಂಪನಿ ಈ ರಾಶಿಯ ಅಡಿಯಲ್ಲಿ ಸಿಕ್ಕಿ ತನ್ನ ಕೆಲಸಗಾರರಲ್ಲಿ ದೊಡ್ಡದೊಂದು ಪಾಲಿನವರನ್ನು ಮನೆಗೆ ಕಳಿಸಬೇಕಾಯಿತು. 1982ರ ಸೆಪ್ಟೆಂಬರಿನಲ್ಲಿ ಅದು ಸರ್ಕಾರದ ಮೊರೆಹೊಕ್ಕಿತು.

ವಿಚಾರಣೆ ನಡೆಸಿದ ಆಯೋಗ ಕೊಟ್ಟ ನಿರ್ಣಯದಲ್ಲಿ ವ್ಯಾಕರಣ ಬಲ್ಲವರಿಗೊಂದು ಸ್ವಾರಸ್ಯವಿದೆ. ಅಮೆರಿಕದ ತಯಾರಕರಿಗೆ ಹಾನಿಯಾಗಿದೆ ಎಂದು ಅದು ಹೇಳಲಿಲ್ಲ. ಹಾನಿಯಾಗುವ ಭಯವಿದೆ ಎಂದು ಹೇಳಿತು. ಭೂತಕಾಲದ ಹಾನಿಯಲ್ಲ, ಭವಿಷ್ಯತ್ಕಾಲದ ಹಾನಿ. ಆ ಭಯಕ್ಕೆ ಮುಖ್ಯ ಆಧಾರ ಗೋದಾಮಿನಲ್ಲಿ ಕಾಯುತ್ತಿದ್ದ, ಮಾರಾಟವಾಗದ ಆ ದಾಸ್ತಾನು. ಅದನ್ನೊಪ್ಪಿ 1983ರ ಏಪ್ರಿಲಿನಲ್ಲಿ ಅಧ್ಯಕ್ಷ ರೇಗನ್ ಅವರು 700 ಸಿ.ಸಿ.ಗಿಂತ ದೊಡ್ಡ ಎಂಜಿನ್ನಿನ ಆಮದು ಗಾಡಿಗಳ ಮೇಲೆ ಸುಂಕವನ್ನು ಏರಿಸಿದರು. ಶೇಕಡಾ 4.4 ಇದ್ದದ್ದು ಮೊದಲ ವರ್ಷ ಶೇಕಡಾ 49.4 ಆಯಿತು. ಎಂದರೆ ಸಾವಿರ ಡಾಲರಿನ ಗಾಡಿಗೆ 44 ಡಾಲರು ಕಟ್ಟುತ್ತಿದ್ದವನು 494 ಡಾಲರು ಕಟ್ಟಬೇಕಾಯಿತು. ಐದು ವರ್ಷಗಳಲ್ಲಿ ಇದು ಮೆಟ್ಟಿಲು ಮೆಟ್ಟಿಲಾಗಿ ಇಳಿಯತಕ್ಕದ್ದೆಂದು ಏರ್ಪಾಡು.

ಈಗ ವಿರೋಧಾಭಾಸದ ಎರಡನೆಯ ಅರ್ಧವನ್ನು ಕೇಳಿ. ಯಾವ ದಾಸ್ತಾನಿನ ಭಯದಿಂದ ಸುಂಕ ಹುಟ್ಟಿತೋ ಆ ದಾಸ್ತಾನಿಗೆ ಸುಂಕ ತಗಲಲಿಲ್ಲ. ಅದು ಆಗಲೇ ಬಂದರನ್ನು ದಾಟಿ ಒಳಗೆ ಬಂದು ಕೂತಿತ್ತು. ಹೊಸದಾಗಿ ಬರುವ ಗಾಡಿಗೆ ಸುಂಕದ ಭಾರ. ಒಳಗಿದ್ದ ಹೋದ ವರ್ಷದ ಗಾಡಿಗೆ ಭಾರವಿಲ್ಲ. ನಿನ್ನೆಯವರೆಗೆ ಅಂಗಡಿಯವನ ಎದೆಯ ಮೇಲಿನ ಕಲ್ಲಾಗಿದ್ದ ವಸ್ತುವನ್ನು ಕೊಳ್ಳುವವರು ಈಗ ಹುಡುಕಿಕೊಂಡು ಬಂದರು. 1982ರ, 1983ರ ಮಾದರಿಗಳು ಎಷ್ಟೋ ಕಾಲದ ಮೇಲೂ ಹೊಸವಾಗಿಯೇ ಮಾರಾಟವಾಗುತ್ತಿದ್ದವು. ತಯಾರಕರೂ ಸುಮ್ಮನಿರಲಿಲ್ಲ, 750 ಸಿ.ಸಿ.ಯ ಎಂಜಿನ್ನನ್ನು ಕೂದಲೆಳೆಯಷ್ಟು ಕುಗ್ಗಿಸಿ 700ರ ಗೆರೆಯ ಕೆಳಗೆ ತಂದು ನಿಲ್ಲಿಸಿದರು.

ಹಾರ್ಲೆಯವರು ಬದುಕಿಕೊಂಡದ್ದು ಸುಂಕವೊಂದರಿಂದಲೇ ಅಲ್ಲ. ಅವರು ಎದುರಾಳಿ ಹೋಂಡಾ ಅಮೆರಿಕದಲ್ಲೇ ತೆರೆದಿದ್ದ ಕಾರ್ಖಾನೆಯನ್ನು ಹೋಗಿ ನೋಡಿ, ಬೇಕಾದಾಗ ಬೇಕಾದಷ್ಟು ಭಾಗಗಳನ್ನು ಮಾತ್ರ ತರಿಸಿ ಜೋಡಿಸುವ ಕ್ರಮವನ್ನು ಕಲಿತುಬಂದರು. ದಾಸ್ತಾನು ಕೂಡಿಡುವುದು ಸಂಪತ್ತಲ್ಲ, ಸಾಲ ಎಂಬ ಪಾಠವದು. 1987ರಲ್ಲಿ, ಗೊತ್ತಾದ ಅವಧಿ ಮುಗಿಯುವ ಮೊದಲೇ, ‘ಇನ್ನು ಈ ಸುಂಕದ ರಕ್ಷಣೆ ನಮಗೆ ಬೇಡ’ ಎಂದು ಅವರೇ ಕೇಳಿಕೊಂಡರು. ಬೇಡವೆನ್ನುವ ಈ ದೊಡ್ಡತನಕ್ಕೆ ಅಧ್ಯಕ್ಷರೇ ಅವರ ಕಾರ್ಖಾನೆಗೆ ಬಂದು ಮೆಚ್ಚುಗೆ ತೋರಿದರು.

ಇಷ್ಟು ದೂರದ ಕಥೆ ನಮಗೇಕೆ ಎಂದು ಕೇಳಬೇಡಿ. ಅದೇ ಬಗೆಯ ದಾಸ್ತಾನು ನಮ್ಮ ಊರಿನ ಅಂಗಡಿಗಳಲ್ಲೂ ಒಂದು ಸಲ ಕೂತಿತ್ತು. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟು, ಹೊಗೆಯ ವಿಷಯದಲ್ಲಿ ಹಿಂದಿನ ಕಟ್ಟಳೆಗೆ ಸರಿಯಾಗಿ ತಯಾರಾದ ಬಿ.ಎಸ್. 3 ವಾಹನಗಳನ್ನು ಏಪ್ರಿಲ್ 1ರಿಂದ ಮಾರಕೂಡದೆಂದು ಆಜ್ಞೆ ಮಾಡಿತು. ಆಗ ದೇಶದಲ್ಲಿ ಮಾರಾಟವಾಗದೆ ಉಳಿದಿದ್ದ ಅಂಥ ವಾಹನಗಳು ಎಂಟು ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಆರೂವರೆ ಲಕ್ಷಕ್ಕೂ ಮೇಲ್ಪಟ್ಟು ದ್ವಿಚಕ್ರದವು. ವ್ಯಾಪಾರಿಗಳ ಕೈಯಲ್ಲಿದ್ದದ್ದು ಎರಡೇ ದಿನ. ಆ ಎರಡು ದಿನ ಅಂಗಡಿಗಳ ಮುಂದೆ ನಿಂತಿದ್ದ ಜನಸಂದಣಿಯನ್ನು ನೀವೂ ಕಂಡಿರಬಹುದು.

ಆ ಸಂದಣಿಯಲ್ಲಿ ನಾನೂ ಇದ್ದೆ, ಮುಚ್ಚಿಡುವುದೇಕೆ? ಮಗಳು ಕಾಲೇಜಿಗೆ ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದಳು. ಸ್ಕೂಟರಿನ ಬೆಲೆಯಲ್ಲಿ ಹತ್ತು ಸಾವಿರ ಕಡಿಮೆಯೆಂದು ಕೇಳಿ, ಮಾರ್ಚ್ 31ರ ಮಧ್ಯಾಹ್ನ ಶಾಲೆ ಬಿಟ್ಟವನು ರಾತ್ರಿ ಹತ್ತು ಗಂಟೆಯವರೆಗೆ ಸಾಲಿನಲ್ಲಿ ನಿಂತೆ. ಅಂದಿನ ತಾರೀಖಿನ ಬಿಲ್ಲು ಕೈಗೆ ಬಂದರೆ ಮಾತ್ರ ಆಮೇಲೆ ನೋಂದಣಿ. ಹನ್ನೆರಡು ಗಂಟೆ ಹೊಡೆದರೆ ಅದೇ ಸ್ಕೂಟರು ರಸ್ತೆಗಿಳಿಯಲಾರದ ಕಬ್ಬಿಣ. ಬಿಲ್ಲು ಬರೆಯುತ್ತಿದ್ದ ಹುಡುಗ ಬೆಳಗಿನಿಂದ ಊಟ ಮಾಡಿರಲಿಲ್ಲ. “ನಿಮಗೆ ಲಾಭ ಸಾರ್. ನಮಗೆ ಈ ತಿಂಗಳ ಸಂಬಳವೇ ಅನುಮಾನ” ಎಂದು ತಲೆಯೆತ್ತದೆ ಹೇಳಿದ. ಸ್ಕೂಟರು ಇಂದಿಗೂ ಚೆನ್ನಾಗಿ ಓಡುತ್ತಿದೆ. ಆ ಹುಡುಗನ ಮಾತು ಮಾತ್ರ ನನ್ನ ಹತ್ತು ಸಾವಿರದ ಸಂತೋಷವನ್ನು ಪೂರ್ತಿಯಾಗಲು ಬಿಡಲಿಲ್ಲ. ಕೊಳ್ಳುವವನಿಗೆ ದಕ್ಕಿದ ಅಗ್ಗವನ್ನು ಯಾರೋ ಒಬ್ಬರು ತೆತ್ತೇ ಇರುತ್ತಾರೆ. ಜಪಾನಿನ ಜಗಳದಲ್ಲಿಯೂ ಅದೇ, ನಮ್ಮ ಊರಿನ ಅಂಗಡಿಯಲ್ಲಿಯೂ ಅದೇ.

ಹೀಗೆ ಹೋದ ವರ್ಷದ ಹೊಸ ಗಾಡಿಯ ಲಾಭವನ್ನು ತಾನೇ ಉಂಡವನು ಶಿಷ್ಯನಿಗೆ ಬೇಡವೆಂದು ಉಪದೇಶ ಮಾಡುವುದು ಹೇಗೆ? ಆದ್ದರಿಂದ ಉಪದೇಶ ಮಾಡಲಿಲ್ಲ. ಅವನನ್ನು ಕೂರಿಸಿಕೊಂಡು ಸ್ಲೇಟು ಹಿಡಿದು ಲೆಕ್ಕ ಮಾಡಿದೆ. ಗಾಡಿಗೆ ಮೂರೂಮುಕ್ಕಾಲು ಲಕ್ಷ. ಹಡಗಿನ ಬಾಡಿಗೆ ಮತ್ತು ವಿಮೆಗೆ ಅವನ ತಮ್ಮ ಹೇಳಿದ್ದು 75 ಸಾವಿರ. ನಮ್ಮ ಬಂದರಿನಲ್ಲಿ ಸುಂಕವನ್ನು ಲೆಕ್ಕ ಹಾಕುವುದು ಗಾಡಿಯ ಬೆಲೆಯ ಮೇಲೆ ಮಾತ್ರವಲ್ಲ, ಬಾಡಿಗೆ ಮತ್ತು ವಿಮೆಯನ್ನೂ ಸೇರಿಸಿದ ಮೊತ್ತದ ಮೇಲೆ. ಹಾಗಾಗಿ ನಾಲ್ಕೂವರೆ ಲಕ್ಷ. ಪೂರ್ತಿ ಜೋಡಿಸಿ ತಂದ ಮೋಟಾರ್ ಸೈಕಲ್ಲಿಗೆ ಆಗ ಸುಂಕ ಶೇಕಡಾ 50, ಎರಡೂಕಾಲು ಲಕ್ಷ. ಕೂಡಿದರೆ ಆರೂಮುಕ್ಕಾಲು. ಸುಂಕವನ್ನೂ ಸೇರಿಸಿಕೊಂಡ ಈ ಮೊತ್ತದ ಮೇಲೆ ಶೇಕಡಾ 28 ಜಿ.ಎಸ್.ಟಿ.; ಒಂದು ಲಕ್ಷದ 89 ಸಾವಿರ. ಒಟ್ಟು ಎಂಟು ಲಕ್ಷದ 64 ಸಾವಿರ. ಇತರ ಉಪಕರಗಳು, ಬಂದರಿನ ಖರ್ಚು, ನೋಂದಣಿ, ರಸ್ತೆ ತೆರಿಗೆ ಬೇರೆ. ಅಮೆರಿಕದ ಅಂಗಡಿಯವನು ಬಿಟ್ಟುಕೊಟ್ಟದ್ದು ಒಂದೂಕಾಲು ಲಕ್ಷ; ಸಮುದ್ರ ದಾಟಿದ್ದಕ್ಕೆ ತೆರಬೇಕಾದದ್ದು ಸುಮಾರು ಐದು ಲಕ್ಷ. ನನ್ನ ಸ್ಕೂಟರು ಯಾವ ಸಮುದ್ರವನ್ನೂ ದಾಟಿರಲಿಲ್ಲ. ಅದು ಬಂದರಿನ ಒಳಗಿದ್ದ ಗಾಡಿ. ಅವನದು ಹೊರಗಿದ್ದ ಗಾಡಿ. ವ್ಯತ್ಯಾಸವೆಲ್ಲ ಇಲ್ಲಿದೆ.

ದುಡ್ಡಿನ ಮಾತು ಮುಗಿದರೂ ಕಾನೂನಿನ ಮಾತಿತ್ತು. ನಮ್ಮ ದೇಶಕ್ಕೆ ತರುವ ಹೊಸ ವಾಹನದ ವೇಗಮಾಪಕ ಕಿಲೋಮೀಟರಿನಲ್ಲಿ ತೋರಿಸಬೇಕು. ಮುಂದಿನ ದೀಪದ ಬೆಳಕು ರಸ್ತೆಯ ಎಡಗಡೆ ಹೋಗುವವರಿಗೆ ತಕ್ಕಂತೆ ಬೀಳಬೇಕು. ಅಮೆರಿಕದವರು ಮೈಲಿಯಲ್ಲಿ ಎಣಿಸುವವರು, ಬಲಗಡೆ ಹೋಗುವವರು. ಇದಲ್ಲದೆ 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಎಂಬ ಹೊಸ ಕಟ್ಟಳೆ ಬರುವುದಿತ್ತು. 2018ರಲ್ಲಿ ಬೇರೊಂದು ದೇಶದ ರಸ್ತೆಗೆಂದು ತಯಾರಾದ ಗಾಡಿ ಹಡಗಿನಲ್ಲೋ ಬಂದರಿನಲ್ಲೋ ಇರುವಾಗ ತಾರೀಖು ಕಳೆದುಹೋದರೆ ಗತಿಯೇನು? ಮಾರ್ಚ್ 31ರ ರಾತ್ರಿ ನಾನು ಸಾಲಿನಲ್ಲಿ ನಿಂತಿದ್ದೆನಲ್ಲ, ಆ ಗಡಿಯಾರ ನನಗೆ ನೆನಪಾಯಿತು.

ಸುಂಕದ ದರಗಳು ಒಂದೇ ಕಡೆ ನಿಲ್ಲುವುದಿಲ್ಲ. 2025ರ ಆಯವ್ಯಯದಲ್ಲಿ ಪೂರ್ತಿ ಜೋಡಿಸಿ ತಂದ ಗಾಡಿಗಳ ಸುಂಕವನ್ನು 1600 ಸಿ.ಸಿ.ಯವರೆಗೆ ಶೇಕಡಾ 40ಕ್ಕೂ ಅದರ ಮೇಲಿನವಕ್ಕೆ 30ಕ್ಕೂ ಇಳಿಸಿದರು. 2007ರಲ್ಲಂತೂ ದೊಡ್ಡ ಹಾರ್ಲೆ ಗಾಡಿಗಳು ನಮ್ಮಲ್ಲಿಗೆ ಬರಲು ನಾವು ಒಪ್ಪಿದೆವು, ನಮ್ಮ ಮಾವಿನಹಣ್ಣು ಅಲ್ಲಿಗೆ ಹೋಗಲು ಅವರು ಒಪ್ಪಿದರು! ಮಾವಿನಹಣ್ಣಿನ ವ್ಯಾಪಾರದಲ್ಲಿ ಹೋದ ವರ್ಷದ ದಾಸ್ತಾನಿನ ಪ್ರಶ್ನೆಯೇ ಇಲ್ಲ, ಅದೊಂದು ಸುಖ. ಆದುದರಿಂದ ಇಂಥ ಕೆಲಸಕ್ಕೆ ಕೈಹಾಕುವವರು ಆ ದಿನದ ದರವನ್ನೂ ನಿಯಮವನ್ನೂ ವಿಚಾರಿಸಿಕೊಂಡೇ ಮುಂಗಡ ಕೊಡತಕ್ಕದ್ದು.

ಸಮುದ್ರ ದಾಟಿಸದೆ, ಇಲ್ಲಿಯೇ ಹಿಂದಿನ ವರ್ಷದ ಗಾಡಿ ಕೊಳ್ಳುವವರಿಗೂ ನನ್ನ ಶಿಷ್ಯ ಹೇಳಿಕೊಟ್ಟ ಎರಡು ಮಾತಿವೆ. ಮೊದಲನೆಯದು, ಗಾಡಿಯ ವಯಸ್ಸನ್ನು ಅಂಗಡಿಯವನ ಬಾಯಿಂದಲ್ಲ, ಗಾಡಿಯ ಮೈಮೇಲೆ ಓದಬೇಕು. ಅಮೆರಿಕದಲ್ಲಿ 1981ರಿಂದ ಚೌಕಟ್ಟಿನ ಮೇಲೆ ಹದಿನೇಳು ಅಕ್ಷರ, ಅಂಕಿಗಳ ಗುರುತನ್ನು ಕೊರೆಯುತ್ತಾರೆ. ಅದರಲ್ಲಿ ಹತ್ತನೆಯದು ಮಾದರಿಯ ವರ್ಷ. 2018ಕ್ಕೆ ‘ಜೆ’, 2019ಕ್ಕೆ ‘ಕೆ’. ಒಂದರ ಅಂಕಿಯೆಂದು ಭ್ರಮೆಯಾದೀತೆಂದು ‘ಐ’ ಅಕ್ಷರವನ್ನೂ, ಸೊನ್ನೆಯೆಂದು ಭ್ರಮೆಯಾದೀತೆಂದು ‘ಓ’ ಅಕ್ಷರವನ್ನೂ ಬಿಟ್ಟಿದ್ದಾರೆ. ನಮ್ಮ ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ಇರುವ ಗೊಂದಲವನ್ನು ಬಲ್ಲ ನನಗೆ ಈ ಎಚ್ಚರಿಕೆ ಮೆಚ್ಚಿಕೆಯಾಯಿತು. ಟೈರಿನ ಮಗ್ಗುಲಲ್ಲಿಯೂ ನಾಲ್ಕು ಅಂಕಿಗಳಿರುತ್ತವೆ: 3518 ಎಂದಿದ್ದರೆ ಅದು 2018ರ ಮೂವತ್ತೈದನೆಯ ವಾರದಲ್ಲಿ ತಯಾರಾದದ್ದು. ಎರಡನೆಯದು, ಕಬ್ಬಿಣ ಕಾಯುತ್ತದೆ, ರಬ್ಬರು ಕಾಯುವುದಿಲ್ಲ. ನಿಂತ ಗಾಡಿಯ ಟೈರು ಗಟ್ಟಿಯಾಗಿ ಬಿರಿಯುತ್ತದೆ, ಎಣ್ಣೆ ತಡೆಯುವ ಸೀಲುಗಳು ಒಣಗುತ್ತವೆ, ಬ್ಯಾಟರಿ ಸಾಯುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲು ಬಿಟ್ಟಿದ್ದರೆ ಅದು ಅಂಟಾಗಿ ಕೂರುತ್ತದೆ. ಇವನ್ನೆಲ್ಲ ಬದಲಿಸುವ ಖರ್ಚನ್ನು ಕಳೆದು ಉಳಿದದ್ದೇ ನಿಜವಾದ ಅಗ್ಗ. ಗ್ಯಾರಂಟಿ ಯಾವ ದಿನದಿಂದ ಎಂಬುದನ್ನು ಬರೆಸಿಕೊಳ್ಳುವುದೂ ಒಳ್ಳೆಯದು.

ಸ್ಲೇಟಿನ ಮೇಲಿನ ಲೆಕ್ಕ ನೋಡಿ ಅವನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದ. “ಆಸೆ ಪಟ್ಟಿದ್ದೆ ಸಾರ್” ಎಂದಷ್ಟೇ ಹೇಳಿ ಕಾಗದಗಳನ್ನು ಮಡಿಸಿಕೊಂಡು ಎದ್ದ. ನನಗೆ ಗೆದ್ದೆನೆಂದು ಅನ್ನಿಸಲಿಲ್ಲ. ಪಾಠ ಸರಿಯಾಗಿದ್ದರೂ ಹುಡುಗನ ಮುಖ ಬಾಡುವುದನ್ನು ಯಾವ ಮೇಷ್ಟ್ರೂ ಇಷ್ಟಪಡುವುದಿಲ್ಲ.

2020ರ ಫೆಬ್ರವರಿಯಲ್ಲಿ ಅಂಗಡಿಯ ಜಾಗ ಅವನ ಹೆಸರಿಗೆ ನೋಂದಣಿಯಾಯಿತು. ಮುಂದಿನ ತಿಂಗಳು ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಅವನ ಅಂಗಡಿಯೂ ಮುಚ್ಚಿತ್ತು. ಬಾಡಿಗೆ ಕೇಳುವವರು ಮಾತ್ರ ಇರಲಿಲ್ಲ. ಅದನ್ನು ನಾನು ಮೊದಲೇ ಕಂಡಿದ್ದೆನೆಂದು ಹೇಳಿದರೆ ಸುಳ್ಳಾದೀತು.

ಈಚೆಗೆ ಒಂದು ದಿನ ಅವನ ಅಂಗಡಿಗೆ ಹೋಗಿದ್ದೆ. ಗೋಡೆಯ ಬೀರುವಿನಿಂದ ಎಣ್ಣೆಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದು ಬಿಚ್ಚಿ ತೋರಿಸಿದ. ಒಳಗೆ ಹೊಳೆಯುವ ಪಿಸ್ಟನ್ನು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿಗೆ ಸೇರಿದ್ದು. 1961ರಿಂದ ಜಾವಾ ಗಾಡಿಗಳನ್ನೂ ಆಮೇಲೆ ಯೆಜ್ಡಿಗಳನ್ನೂ ಕೊಟ್ಟ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಳೆಯ ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ಇಂಥ ಭಾಗಗಳನ್ನು ಇವನು ಊರೂರು ತಿರುಗಿ ಕೊಂಡುತರುತ್ತಾನೆ. ಹಳೆಯ ಗಾಡಿಯನ್ನು ಜೀವದಂತೆ ಕಾಪಾಡಿಕೊಂಡವರು ಅವನ್ನು ಹುಡುಕಿಕೊಂಡು ಬರುತ್ತಾರೆ.

“ಇದು ಹೊಸದೋ ಹಳೆಯದೋ, ಹೇಳಿ ಸಾರ್” ಎಂದು ನಗುತ್ತ ಕೇಳಿದ. ಪಿಸ್ಟನ್ನನ್ನು ಕೈಯಲ್ಲಿ ಹಿಡಿದು ನೋಡಿದೆ. ಒಂದು ಗೀರೂ ಇರಲಿಲ್ಲ. “ಹಳೆಯ ಅಕ್ಕಿ ಕಣಪ್ಪಾ” ಎಂದೆ. ಅವನು ಅದನ್ನು ಮತ್ತೆ ಕಾಗದದಲ್ಲಿ ಸುತ್ತಿ ಬೀರುವಿನಲ್ಲಿಟ್ಟ.